ಆರನೆಯ ಮುಖವಾಡ

ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದೇನೆ. ಕೈಗೆ ಬಂದದ್ದನ್ನೆಲ್ಲ ಓದುವ ಚಟ ನನಗಿಲ್ಲ. ಓದುತ್ತ ಕೂತರೆ ಅಂಟು ಒಣಗಿಹೋಗುತ್ತದೆ. ಆದರೆ ಆ ಬೆಳಿಗ್ಗೆ ಓದಿಬಿಟ್ಟೆ. ಓದಿದ ಮೇಲೆ ಕೈಯಲ್ಲಿದ್ದ ಚಾಕುವನ್ನು ಎಲ್ಲಿಟ್ಟೆನೋ, ಸಂಜೆಯವರೆಗೂ ಸಿಗಲಿಲ್ಲ.

ಅದು ಎದುರಂಗಡಿಯ ಗಡಿಯಾರದಣ್ಣನ ಆಲ್ಬಮ್. ನನಗಿಂತ ಹತ್ತು ವರ್ಷ ಚಿಕ್ಕವನು, ಆದರೂ ಬೀದಿಗೆಲ್ಲ ಗಡಿಯಾರದಣ್ಣನಾದ್ದರಿಂದ ನನಗೂ ಹಾಗೇ. ಅವನ ಒಬ್ಬಳೇ ತಂಗಿ ಮದುವೆಯಾಗಿ, ಹಡಗುಕಟ್ಟೆಯಲ್ಲಿ ಕೆಲಸ ಮಾಡುವ ಗಂಡನ ಜೊತೆ ಏಷ್ಯಾದ ಯಾವುದೋ ಮೂಲೆಯ ದ್ವೀಪವೊಂದಕ್ಕೆ ಹೋಗಿ ಹನ್ನೆರಡು ವರ್ಷವಾಗಿತ್ತು. ಅಲ್ಲಿನ ದೊಡ್ಡ ಹೋಟೆಲೊಂದರ ಹೊಲಿಗೆ ಕೋಣೆಯಲ್ಲಿ ಅವಳಿಗೆ ಕೆಲಸ. ಅಲ್ಲಿಗೆ ಹೋದ ಮೊದಲ ತಿಂಗಳಿನಿಂದಲೇ ಅಣ್ಣನಿಗೆ ಚಿತ್ರದ ಕಾರ್ಡು ಹಾಕತೊಡಗಿದಳು. ದೀಪಸ್ತಂಭ, ಒಂಬತ್ತು ಕಮಾನಿನ ಸೇತುವೆ, ಬಿಸಿನೀರಿನ ಬುಗ್ಗೆ, ದೋಣಿ ಕಟ್ಟುವವರು, ಕುಣಿತದ ಮುಖವಾಡಗಳು.

ಅವನಿಗೆ ಆ ಕಾರ್ಡುಗಳ ಹುಚ್ಚು ಹಿಡಿಯಿತು. ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಕಾರ್ಡು ನೋಡುತ್ತಿದ್ದ. "ಅಕ್ಕ, ದೀಪಸ್ತಂಭಕ್ಕೆ ಹದಿನೇಳು ಕಿಟಕಿ ಇದೆ, ಗೊತ್ತಾ?" ಎನ್ನುತ್ತಿದ್ದ. ಅಂಗಡಿಯಲ್ಲಿ ತೇವ ಜಾಸ್ತಿ, ಕಾರ್ಡಿನ ಮೂಲೆ ಸುರುಳಿ ಸುತ್ತುತ್ತದೆ ಅಂತ ಬಂದ ಗಂಟೆಯೊಳಗೆ ಮೈದಾ ಅಂಟು ಬಳಿದು ಆಲ್ಬಮ್ಮಿಗೆ ಮೆತ್ತುತ್ತಿದ್ದ. ಆಲ್ಬಮ್ಮುಗಳು ಬೆಳೆದು ಮನೆಯ ಹಿಂದಿನ ಕೋಣೆಯನ್ನೇ ತುಂಬಿದವು.

"ಹಿಂದೆ ಏನು ಬರೆದಿದ್ದಾಳೋ?" ಅಂತ ಒಮ್ಮೆ ಕೇಳಿದ್ದೆ.

"ಅದೇ ಅಕ್ಕ. ಕ್ಷೇಮ, ನೀವೂ ಕ್ಷೇಮ ಅಂತ ನಂಬಿದ್ದೇನೆ. ಒಂದು ಓದಿದರೆ ಎಲ್ಲ ಓದಿದ ಹಾಗೆ."

ಅವನ ಹೆಂಡತಿಗೆ ನಾದಿನಿಯ ಮೇಲೆ ಸಿಟ್ಟಿತ್ತು. "ಹೋಗಿ ಇಷ್ಟು ವರ್ಷ ಆಯ್ತು, ಒಂದು ಸಲ ಮುಖ ತೋರಿಸಿಲ್ಲ. ಸೇತುವೆ ಕಳಿಸಿದರೆ ಸಂಬಂಧ ಉಳಿಯುತ್ತಾ?" ಎನ್ನುತ್ತಿದ್ದಳು. ನಾನೂ ಹೌದೆಂದು ತಲೆಯಾಡಿಸಿದ್ದೇನೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷ ನಮ್ಮ ಗ್ರಂಥಾಲಯದವರು ಅವನ ಕಾರ್ಡುಗಳನ್ನು ಪ್ರದರ್ಶನಕ್ಕೆ ಕೇಳಿದರು. ಮೈದಾ ಅಂಟಿಗೆ ಹುಳ ಬಿದ್ದು ಹಾಳೆಗಳು ಉಬ್ಬಿದ್ದವು. ಕಾರ್ಡುಗಳನ್ನು ಬಿಡಿಸಿ ಹೊಸ ಹಾಳೆಗೆ ಸೇರಿಸಿಕೊಡು ಎಂದು ಮೂರು ಆಲ್ಬಮ್ ತಂದಿಟ್ಟು ಹೋದ. ಕೆಲಸವೇನೂ ಕಷ್ಟದ್ದಲ್ಲ. ಒದ್ದೆ ಒತ್ತುಕಾಗದವನ್ನು ಹಾಳೆಯ ಹಿಂದೆ ಇಟ್ಟು ಕಾಲು ಗಂಟೆ ಕಾದರೆ ಅಂಟು ಮೆತ್ತಗಾಗುತ್ತದೆ. ಚಪ್ಪಟೆ ಚಾಕು ತೂರಿಸಿದರೆ ಕಾರ್ಡು ತಾನಾಗಿ ಎದ್ದುಬರುತ್ತದೆ. ಬಾಲ್‌ಪೆನ್ನಿನ ಬರಹ ಅಳಿಸಿರಲಿಲ್ಲ. ಕ್ಷೇಮ. ಕ್ಷೇಮ. ಕ್ಷೇಮ. ಆಮೇಲೆ ಮುಖವಾಡಗಳ ಪುಟ ಬಂತು. ಎಂಟರ ಮಾಲಿಕೆ ಅದು. ಆರನೆಯದು ಕೆಂಪು ಮುಖ, ಬಿಳಿ ಹುಬ್ಬು. ಅದರ ಬೆನ್ನ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರ, ಒಂದಿಷ್ಟೂ ಜಾಗ ಬಿಡದೆ.

"ಅಣ್ಣ, ಅವರು ನನ್ನನ್ನು ಬಿಟ್ಟು ಹೋಗಿ ಎರಡು ತಿಂಗಳಾಯಿತು. ಇನ್ನು ಬರುವುದಿಲ್ಲ. ನನಗೀಗ ಐದು ತಿಂಗಳು. ತವರಿಗೆ ಬರಲೇ? ಹಿಂದಿನ ಕೋಣೆ ಸಾಕು. ಹೊಲಿಗೆ ಬರುತ್ತದೆ, ಯಾರಿಗೂ ಭಾರವಾಗುವುದಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ."

ಅಂಚೆ ಮುದ್ರೆಯ ದಿನಾಂಕ ನೋಡಿದೆ. ಏಳು ವರ್ಷದ ಹಿಂದಿನದು.

ಬಾಗಿಲಿಗೆ ಬಂದು ಕೂಗಿದೆ. ಅವನು ಭೂತಗನ್ನಡಿಯನ್ನು ಹಣೆಗೇರಿಸಿಕೊಂಡೇ ರಸ್ತೆ ದಾಟಿದ.

"ಏನಕ್ಕ, ಹರಿದುಹೋಯ್ತಾ? ಯಾವುದು? ಸೇತುವೆ ಅಲ್ಲ ತಾನೇ?"

"ಕೂತ್ಕೋ. ಇದನ್ನ ಓದು."

ಕಾರ್ಡನ್ನು ತಿರುಗಿಸಿ ಮೊದಲು ಮುಖವಾಡವನ್ನೇ ನೋಡಿದ. "ಬಣ್ಣ ಒಂಚೂರೂ ಹೋಗಿಲ್ಲ. ಇದಕ್ಕೆ ಎರಡು ವರ್ಷ ಕಾದಿದ್ದೆ ಅಕ್ಕ."

"ಹಿಂದೆ ನೋಡೋ ಮಾರಾಯ!"

ಭೂತಗನ್ನಡಿ ಕಣ್ಣಿಗಿಳಿಸಿ ಓದಿದ. ಮತ್ತೆ ಓದಿದ.

"ಇದಕ್ಕೆ ನೀನು ಏನಂತ ಉತ್ತರ ಬರೆದೆ?" ಎಂದೆ. ಬಂದ ಕಾರ್ಡಿಗೆಲ್ಲ ಅದೇ ದಿನ ಉತ್ತರ ಹಾಕುತ್ತಾನೆಂದು ನನಗೆ ಗೊತ್ತಿತ್ತು. ಯಾವ ಕಾರ್ಡು ಬಂತು, ಮೂಲೆ ಹೇಗಿದೆ, ಉತ್ತರವೇನು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವನ ಪದ್ಧತಿ. ಅದೂ ಆಲ್ಬಮ್ಮುಗಳ ಜೊತೆಗೇ ಬಂದಿತ್ತು. ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ, ನಾನೇ ತೆಗೆದು ಗಟ್ಟಿಯಾಗಿ ಓದಿದೆ.

"ಆರನೆಯ ಮುಖವಾಡ. ಮೂಲೆ ಚೆನ್ನಾಗಿದೆ. ಅದೇ ದಿನ ಉತ್ತರ: ಕಾರ್ಡು ಸಿಕ್ಕಿತು. ಬಹಳ ಸಂತೋಷ. ಇನ್ನೆರಡು ಬಾಕಿ. ಅವೆರಡು ಬಂದರೆ ಸಾಕು, ಬೇರೇನೂ ಬೇಡ."

ಅವನು ಕಿವಿ ಮುಚ್ಚಿಕೊಂಡ.

ಮುಂದಿನ ಸಾಲಿನಲ್ಲಿ ಏಳನೆಯ ಮುಖವಾಡವಿತ್ತು. ಅದರ ಮುಂದಿನದರಲ್ಲಿ ಎಂಟನೆಯದು. ಎರಡನ್ನೂ ಅವಳು ಕಳಿಸಿದ್ದಳು! ಅವನು ಹೇಳಿದ ಹಾಗೆ ಮಾಡಿದ್ದಳು. ಇನ್ನೊಂದು ಚಾಕು ಹುಡುಕಿ ಆ ಎರಡು ಕಾರ್ಡನ್ನೂ ಬಿಡಿಸಿದೆ. ಬರೀ ವಿಳಾಸ, ಕ್ಷೇಮ ಅನ್ನುವ ಮಾತೂ ಇಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಅವನನ್ನು ಹುಡುಕಿಕೊಂಡು ಬಂದಳು. ಕಾರ್ಡು ಕೊಟ್ಟೆ. ಓದಿ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಏನ್ರೀ ಇದು? ಬಸುರಿ ಹೆಂಗಸು ಮನೆಗೆ ಬರಲಾ ಅಂತ ಕೇಳಿದರೆ ಮುಖವಾಡ ಕಳಿಸು ಅಂದ್ರಾ?"

"ನಾನು ನೋಡಲಿಲ್ಲ ಕಣೇ. ಆಣೆಗೂ ನೋಡಲಿಲ್ಲ."

"ಕಿಟಕಿ ಎಣಿಸೋಕೆ ಕಣ್ಣಿತ್ತಲ್ಲ!" ಎಂದವಳು ಕಾರ್ಡನ್ನು ಮತ್ತೊಮ್ಮೆ ಓದಿದಳು. "ಅಯ್ಯೋ, ನಾನೂ ಅವಳನ್ನ ಸೊಕ್ಕಿನವಳು ಅಂದೆನಲ್ಲ."

ಕೊನೆಯ ಆಲ್ಬಮ್ಮನ್ನು ಬಿಡಿಸುವುದೋ ಬೇಡವೋ ಎಂದು ಅನುಮಾನಿಸಿದೆ. ಅವನೇ ಬಿಡಿಸು ಅಂದ. ಹಿಂದಿನ ವರ್ಷ ಬಂದ ಕಾರ್ಡುಗಳಲ್ಲಿ ವಿಳಾಸ ಅವಳ ಕೈಬರಹದ್ದೇ. ಅದರ ಕೆಳಗೆ ಮಾತ್ರ ಪೆನ್ಸಿಲಿನಲ್ಲಿ, ಸೊಟ್ಟಗೆ, ಮೇಲೊಂದು ಕೆಳಗೊಂದು ಹಾರಿದ ನಮ್ಮ ಭಾಷೆಯ ಅಕ್ಷರಗಳು: "ಮಾವನಿಗೆ."

ಮೂರು ಕಾರ್ಡಿನ ಮೇಲೆ ಅದೇ. ಮೂರನೆಯದರಲ್ಲಿ ಅಕ್ಷರ ಸ್ವಲ್ಪ ನೆಟ್ಟಗಾಗಿತ್ತು.

"ಯಾರಕ್ಕ ಬರೆದಿದ್ದು?" ಎಂದ. ಗೊತ್ತಿದ್ದೂ ಕೇಳಿದ. ಆರು ವರ್ಷದಿಂದ ತಾನು ಮಾವನಾಗಿದ್ದೇನೆ ಅನ್ನುವುದು ಆ ಗಳಿಗೆಯಲ್ಲಿ ಅವನಿಗೆ ತಿಳಿಯಿತು. ಗಂಡಸು ಹಾಗೆ ಅತ್ತದ್ದನ್ನು ನಾನು ಹೆಚ್ಚು ನೋಡಿಲ್ಲ.

ಅತ್ತು ಮುಗಿದ ಮೇಲೆ ಕಾಗದ ಕೇಳಿದ. ತಪ್ಪೊಪ್ಪಿಗೆ ಶುರು ಮಾಡಿ ನಾಲ್ಕು ಪುಟ ತುಂಬಿಸಿದ. ಹೆಂಡತಿ ಕಿತ್ತುಕೊಂಡಳು.

"ನಿಮ್ಮ ಗೋಳು ಆಮೇಲೆ. ಅವಳು ಕೇಳಿದ್ದು ಒಂದೇ ಮಾತು, ಅದಕ್ಕೆ ಉತ್ತರ ಕೊಡಿ. ತಂತಿ ಹಾಕಿ."

"ಎಲ್ಲಿಗೆ ಹಾಕಲಿ? ನನ್ನ ಹತ್ತಿರ ಇರೋದು ಹೋಟೆಲಿನ ವಿಳಾಸ. ಅವಳ ಮನೆ ಯಾವ ಬೀದೀಲಿದೆ ಅಂತಾನೂ ಗೊತ್ತಿಲ್ಲ."

ಆ ದ್ವೀಪದ ಸೇತುವೆಗೆ ಎಷ್ಟು ಕಮಾನು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುವವನು ಹೇಳಿದ ಮಾತಿದು.

ಹೋಟೆಲಿಗೇ ಹಾಕಿದೆವು. ಮಾತುಗಳನ್ನು ಆರಿಸಿದವಳು ಹೆಂಡತಿ. "ನಿನ್ನ ಕಾರ್ಡು ಓದಿದ್ದು ಇವತ್ತು. ಬಾ. ಹಿಂದಿನ ಕೋಣೆ ನಿನ್ನದು." ಅದೇ ಮಧ್ಯಾಹ್ನ ಇಬ್ಬರೂ ಸೇರಿ ಹಿಂದಿನ ಕೋಣೆ ಖಾಲಿ ಮಾಡಿದರು. ಉಳಿದ ಆಲ್ಬಮ್ಮುಗಳೂ ನನ್ನ ಅಂಗಡಿಗೆ ಬಂದು ಬಿದ್ದವು. ಪ್ರದರ್ಶನ ಬೇಡವೆಂದು ಗ್ರಂಥಾಲಯಕ್ಕೆ ನಾನೇ ಹೇಳಿಬಂದೆ.

ಹದಿನೆಂಟು ದಿನ ಉತ್ತರವಿಲ್ಲ. ಅಷ್ಟು ದಿನವೂ ಅವನು ಅಂಗಡಿ ತೆರೆದ, ಆದರೆ ಒಂದು ಗಡಿಯಾರವನ್ನೂ ಬಿಚ್ಚಲಿಲ್ಲ. ಹತ್ತೊಂಬತ್ತನೆಯ ದಿನ ಅಂಚೆಯವನು ಕಾರ್ಡು ಕೊಟ್ಟ. ಅದನ್ನು ಹಿಡಿದು ಗಡಿಯಾರದಣ್ಣ ನೇರ ನನ್ನಲ್ಲಿಗೆ ಬಂದ, ಹಿಂದೆಯೇ ಹೆಂಡತಿ. "ನೀನೇ ಓದಕ್ಕ" ಅಂದ. ಓದಿದೆ.

"ಅಣ್ಣ, ನಿನ್ನ ತಂತಿಯನ್ನು ಹೊಲಿಗೆ ಕೋಣೆಯಲ್ಲೇ ನಿಂತು ಓದಿದೆ. ಏಳು ವರ್ಷ ನೀನು ಬೇಡ ಅಂದೆ ಅಂತಲೇ ತಿಳಿದು ಬದುಕಿದೆ. ಈಗ ಇಲ್ಲಿ ನನಗೆ ಕೆಲಸವಿದೆ, ಮಗಳಿಗೆ ಶಾಲೆಯಿದೆ. ಎಲ್ಲ ಬಿಟ್ಟು ಬರಲಾರೆ. ನನ್ನ ಮನೆಗೂ ಒಂದು ಹಿಂದಿನ ಕೋಣೆಯಿದೆ. ನೀನೇ ಬಾ. ಅತ್ತಿಗೆಯನ್ನೂ ಕರೆದುಕೊಂಡು ಬಾ."

ಕೆಳಗೆ ಬೀದಿಯ ಹೆಸರು, ಮನೆಯ ನಂಬರು.

ಊರಿನ ಹೊಳೆಯನ್ನೂ ದಾಟದವನು ಕಡಲು ದಾಟಬೇಕು. ಹೆಂಡತಿ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ತಿರುಗಿಸಿ ನೋಡಿದಳು.

"ದೀಪಸ್ತಂಭ. ಇದು ನಮ್ಮ ಹತ್ತಿರ ಆಗಲೇ ಮೂರಿದೆ ರೀ."

"ಇರಲಿ ಕೊಡು" ಎಂದು ಇಸಿದುಕೊಂಡ. ಬರಹದ ಬದಿ ಎದೆಗೆ ತಾಗುವಂತೆ ಜೇಬಿಗೆ ಇಳಿಸಿ, ನನ್ನ ಕಡೆ ತಿರುಗಿ, "ಅಕ್ಕ, ಪಾಸ್‌ಪೋರ್ಟು ಎಲ್ಲಿ ಮಾಡಿಸ್ತಾರೆ?" ಎಂದು ಕೇಳಿದ.