ಸೋಮವಾರ ತಲುಪುವ ಕಾಗದ

ಮೇಜಿನ ಮೇಲಿನ ಫೋನು ಹೊಡೆದುಕೊಂಡರೆ ಸಾಕು, ಫೈಲು ಹುಡುಕುವವಳಂತೆ ಬೀರುವಿನ ಕಡೆ ತಿರುಗಿಬಿಡುತ್ತೇನೆ. ಕೆಲಸಕ್ಕೆ ಸೇರಿ ಏಳು ತಿಂಗಳಾದರೂ ಇದು ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದೇನೆ. ಬಿದ್ದಿದ್ದರೆ? ಅದೇ ನನ್ನ ಚಿಂತೆ. ಬರೆಯುವುದಾದರೆ ದಿನಚರಿಯಲ್ಲಿ ಎಷ್ಟು ಪುಟವಾದರೂ ತುಂಬಿಸಿಯೇನು. ಫೋನಿನಲ್ಲಿ ನಾಲ್ಕು ಮಾತಾಡುವುದೆಂದರೆ ಮಾತ್ರ ಹೆದರಿಕೆ.

ನಮ್ಮದು ಮಕ್ಕಳ ರಕ್ಷಣಾ ಇಲಾಖೆಯ ದೂರು ವಿಭಾಗ. ಸಿಬ್ಬಂದಿ ಒರಟಾಗಿ ನಡೆದುಕೊಂಡರೆ, ಕಾಗದ ಕಳೆದರೆ ವಿಚಾರಿಸುತ್ತೇವೆ. ಆದರೆ ಮಗು ಯಾರ ಬಳಿ ಇರಬೇಕು, ಯಾರಿಗೆ ದತ್ತು ಹೋಗಬೇಕು ಎಂದು ಕೋರ್ಟು ಹೇಳಿದ ಮೇಲೆ ನಾವು ಮುಟ್ಟುವಂತಿಲ್ಲ. ಅಂಥ ದೂರುಗಳಿಗೆಲ್ಲ ಒಂದೇ ಅಚ್ಚಿನ ಉತ್ತರ. ಅದಕ್ಕೆ ಠಸ್ಸೆ ಒತ್ತುವ ಹಿರಿಯ ಗುಮಾಸ್ತರನ್ನು ಎಲ್ಲರೂ ಠಸ್ಸೆಯಣ್ಣ ಎನ್ನುತ್ತಾರೆ, ಅವರೂ ಓಗೊಡುತ್ತಾರೆ.

ಈ ಬುಧವಾರ ನನ್ನ ಕೈಗೆ ಬಂದದ್ದು ಬಟ್ಟೆ ಹೊಲಿಯುವ ಹೆಂಗಸೊಬ್ಬಳ ದೂರು. ತೀರಿಹೋದ ತಂಗಿಯ ನಾಲ್ಕು ವರ್ಷದ ಮಗಳನ್ನು ಬೇರೆಯವರಿಗೆ ದತ್ತು ಕೊಡಲು ಕೋರ್ಟು ಆದೇಶಿಸಿದೆ. ‘ತೀರ್ಪು ಬದಲಾಯಿಸಿಕೊಡಿ, ನಾನು ಅವಳ ದೊಡ್ಡಮ್ಮ’ ಎಂದು ಮೂರು ಪುಟ. ಉತ್ತರ ಟೈಪು ಮಾಡುತ್ತ ಆದೇಶದ ತಾರೀಖು ನೋಡಿದೆ. ಮೇಲ್ಮನವಿಗೆ ಮೂವತ್ತು ದಿನ, ಶುಕ್ರವಾರವೇ ಕೊನೆ. ಅದರಲ್ಲಿ ಹದಿನೆಂಟು ದಿನ ಈ ದೂರು ನಮ್ಮ ಟ್ರೇಯಲ್ಲೇ ಮಲಗಿತ್ತು.

“ಅಣ್ಣಾ, ಈ ಕಾಗದ ಯಾವಾಗ ತಲುಪತ್ತೆ?”

“ಸೋಮವಾರ. ಯಾಕೆ, ನೀನೇ ಹೊತ್ಕೊಂಡು ಹೋಗ್ತೀಯಾ?”

“ಅಷ್ಟರಲ್ಲಿ ಗಡುವು ಮುಗಿದಿರತ್ತೆ.”

“ಮೇಲ್ಮನವಿ ಹಾಕ್ಕೊಳ್ಳಿ ಅಂತ ಅದರಲ್ಲೇ ಇದೆಯಲ್ಲ. ನಾವು ವಕೀಲರಲ್ಲ ಕಣಮ್ಮ. ಜಾಸ್ತಿ ಬಾಯಿ ಬಿಟ್ರೆ ನಾಳೆ ನಮ್ಮ ಮೇಲೇ ದೂರು.” ನಕ್ಕು ಠಸ್ಸೆ ಒತ್ತಿದರು. “ನೀನು ಬಾಯಿ ಬಿಡೋಳೂ ಅಲ್ಲ, ಬಿಡು.”

ಹಾಗಾದರೆ ನನ್ನ ಗುಟ್ಟು ಇವರಿಗೆ ಗೊತ್ತಾಗಿದೆ.

ಅವರು ಊಟಕ್ಕೆ ಎದ್ದರು. ದೂರಿನ ಕೊನೆಯಲ್ಲಿ ನಂಬರಿತ್ತು. ಎರಡು ಸಲ ಅರ್ಧ ಒತ್ತಿ ಫೋನು ಕೆಳಗಿಟ್ಟೆ. ಮೂರನೆಯ ಸಲ ಪೂರ್ತಿ ಒತ್ತಿದೆ. ಆ ಕಡೆ ಹೊಲಿಗೆ ಮೆಷಿನ್ ಗಡಗಡ ಅನ್ನುತ್ತಿತ್ತು.

“ನಾಳೆ ಕೊಡ್ತೀನಿ ಅಂದಿದ್ನಲ್ಲ, ಇನ್ನೂ ಗುಂಡಿ ಹಾಕಿಲ್ಲ!”

“ಅಲ್ಲ... ದೂರು ವಿಭಾಗದಿಂದ.”

ಮೆಷಿನ್ ನಿಂತಿತು.

“ಅಯ್ಯೋ, ಹೇಳಿ ಮೇಡಂ! ನೀವೇ ವಿಚಾರಿಸ್ತಿದ್ದೀರಲ್ಲ ಅಂತ ನಾನು ವಕೀಲರ ಹತ್ರ ಹೋಗ್ಲಿಲ್ಲ. ಎರಡು ಕಡೆ ಓಡಾಡಿದ್ರೆ ನಿಮಗೆ ಬೇಜಾರಾದೀತು ಅಂತ. ಅವಳಿಗೆ ಫ್ರಾಕು ಹೊಲಿದಿಟ್ಟಿದ್ದೀನಿ. ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೀನಿ, ಬೆಳೀತಾಳಲ್ಲ. ಒಳ್ಳೆ ಸುದ್ದಿ ತಾನೇ?”

ಅಚ್ಚಿನ ಉತ್ತರ ಮುಂದೆಯೇ ಇತ್ತು. ಅದನ್ನೇ ಓದಿಬಿಡೋಣವೆನಿಸಿತು. ಮಗುಚಿಟ್ಟೆ.

“ಅಕ್ಕಾ, ಯಾರೂ ವಿಚಾರಿಸ್ತಿಲ್ಲ. ನಿಮ್ಮ ದೂರನ್ನ ಇವತ್ತಿನವರೆಗೂ ಯಾರೂ ಓದೇ ಇರ್ಲಿಲ್ಲ, ತಪ್ಪು ನಮ್ಮದು. ತೀರ್ಪು ಬದಲಾಯಿಸೋಕೆ ನಮ್ಮಿಂದ ಆಗಲ್ಲ, ಕೋರ್ಟಿಗೇ ಹೋಗ್ಬೇಕು. ಶುಕ್ರವಾರ ಕೊನೆ ದಿನ. ಗುಂಡಿ ಆಮೇಲೆ ಹಾಕಿ, ಈಗಲೇ ಹೊರಡಿ.”