ಬ್ರೇಕ್ ಪ್ಯಾಡಿಗೆ ಹರಳೆಣ್ಣೆ

ಮೊಮ್ಮಗಳು ಕಾರು ಓಡಿಸುವುದಕ್ಕೆ ಚನ್ನಾಜಮ್ಮನ ತಕರಾರೇನೂ ಇರಲಿಲ್ಲ. ಎಲ್ಲಿಗೂ ಹೋಗದೆ ಹೊರಟ ಜಾಗಕ್ಕೇ ಬಂದು ನಿಲ್ಲುವುದಕ್ಕೆ ಅಷ್ಟು ದೂರ ಹೋಗಿ ಅಷ್ಟು ಜೋರಾಗಿ ಓಡಿಸಬೇಕೇ ಎಂಬುದು ಆಕೆಯ ಪ್ರಶ್ನೆ. ನಂಜನಗೂಡಿನ ಹತ್ತಿರ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಶ್ವೇತ, ಭಾನುವಾರ ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ತನ್ನ ಹಳೆಯ ಕಾರು ಓಡಿಸಲು ಹೆಸರು ಕೊಟ್ಟಿದ್ದಳು. ಹೋದ ವರ್ಷವೇ ಹೋಗಬೇಕಾಗಿತ್ತು. ಅದೇ ವಾರ ತಾತ ಬಸವಯ್ಯನವರು ಲಿಂಗೈಕ್ಯರಾದರು. ಹುಡುಗಿ ಒಂದು ಮಾತೂ ಆಡದೆ ಆಸೆಯನ್ನು ಬದಿಗಿಟ್ಟಿದ್ದಳು.

"ನಂಜುಂಡೇಶ್ವರನಿಗೆ ಐದು ಸುತ್ತು ಬಾ ಅಂದ್ರೆ ಕಾಲು ನೋವು ಅಂತೀಯ. ಅಲ್ಲಿ ಎಷ್ಟು ಸುತ್ತು?"

"ಇಪ್ಪತ್ತು ಅಜ್ಜಿ."

"ಪ್ರಸಾದ ಏನು ಕೊಡ್ತಾರೆ?"

"ಒಂದು ಸರ್ಟಿಫಿಕೇಟು."

"ತಿನ್ನಕ್ಕೂ ಆಗಲ್ಲ, ಹಂಚಕ್ಕೂ ಆಗಲ್ಲ."

ಮಂಗಳವಾರ ಹೊಸ ಬ್ರೇಕ್ ಪ್ಯಾಡುಗಳು ಬಂದವು. ಅಂಗೈಯಗಲದ ನಾಲ್ಕು ಬಿಲ್ಲೆಗಳು. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಇವು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ; ಮಾಮೂಲಿ ಪ್ಯಾಡುಗಳು ಟ್ರ್ಯಾಕಿನಲ್ಲಿ ಕಾದು ಹಿಡಿತ ಬಿಡುತ್ತವೆ, ಇವು ಕಾದ ಮೇಲೇ ಚೆನ್ನಾಗಿ ಹಿಡಿಯುತ್ತವೆ ಎಂದು ಶ್ವೇತ ವಿವರಿಸಿದಳು.

"ತಣ್ಣಗಿದ್ದಾಗ?"

"ಅಷ್ಟಾಗಿ ಹಿಡಿಯಲ್ಲ. ಕಿರುಗುಟ್ತವೆ."

"ನಿಮ್ಮ ತಾತನ ಹಾಗೇ. ಬಿಸಿ ಕಾಫಿ ಹೊಟ್ಟೆಗೆ ಬೀಳೋ ತನಕ ಗೊಣಗಾಟ."

"ತಂದ ತಕ್ಷಣ ಕೆಲಸಕ್ಕೆ ಬರಲ್ಲ ಅಜ್ಜಿ. ಹೊಸ ದೋಸೆ ಕಾವಲಿ ಥರ ಮೊದಲು ಪಳಗಿಸ್ಬೇಕು."

ಎಲ್ಲ ಅನಾಹುತವೂ ಈ ಒಂದು ಮಾತಿನಿಂದ ಆಯಿತು. ಬ್ರೇಕಿನ ವಿಷಯ ಚನ್ನಾಜಮ್ಮನಿಗೆ ತಿಳಿಯದು. ಕಾವಲಿ ಪಳಗಿಸುವುದನ್ನು ಮಾತ್ರ ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುರುವಾರ ಶ್ವೇತ ಕೆಲಸಕ್ಕೆ ಹೋದ ಮೇಲೆ ಈರುಳ್ಳಿಯ ಅರ್ಧ ಹೋಳನ್ನು ಹರಳೆಣ್ಣೆಯಲ್ಲಿ ಅದ್ದಿ ನಾಲ್ಕು ಬಿಲ್ಲೆಗೂ ಚೆನ್ನಾಗಿ ತಿಕ್ಕಿದರು. ಒರೆಸಿ, ಡಬ್ಬಿಗೆ ತುಂಬಿ, ಮೇಲೆ ವಿಭೂತಿ ಇಟ್ಟರು. ಹುಡುಗಿಗೆ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಸಮಾಧಾನವಾಯಿತು.

ಶುಕ್ರವಾರ ಇಬ್ಬರೂ ನರಸೀಪುರಕ್ಕೆ ಹೊರಟರು. ಅಜ್ಜಿ ಅಗಸ್ತ್ಯೇಶ್ವರನ ದರ್ಶನ ಮುಗಿಸಿದ ಮೇಲೆ ಪ್ಯಾಡು ಬದಲಾಯಿಸಲು ಕಾರು ಮೆಕ್ಯಾನಿಕ್ ನಂಜೇಶನ ಗ್ಯಾರೇಜಿಗೆ ಬಂತು. ನಂಜೇಶ ಹಳೆಯ ಪ್ಯಾಡು ಬಿಚ್ಚಿಟ್ಟು, ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡ.

"ಏನಪ್ಪ, ಊಟಕ್ಕೆ ಕೂರೋ ಹಾಗೆ ಕೈ ತೊಳೀತಿದ್ದೀಯ?"

"ಗ್ರೀಸ್ ಕೈಲಿ ಹೊಸ ಪ್ಯಾಡು ಮುಟ್ಟಂಗಿಲ್ಲ ಕಣಜ್ಜಿ. ಒಂದು ತೊಟ್ಟು ಎಣ್ಣೆ ತಾಕುದ್ರೂ ಈರ್ಕೊಂಬುಡ್ತದೆ. ಆಮೇಲೆ ಎಷ್ಟು ಒತ್ತುದ್ರೂ ಗಾಡಿ ನಿಲ್ಲಕಿಲ್ಲ."

ಚನ್ನಾಜಮ್ಮ ಡಬ್ಬಿಯ ಕಡೆ ನೋಡಿದರು. ಒಂದು ತಿಂಗಳಿಂದ ಹೋಗಬೇಡ, ಹೋಗಬೇಡ ಎಂದು ಹಟ ಹಿಡಿದವರು ತಾವೇ. ಈಗ ನಿಜ ಹೇಳಿದರೆ ಬೇಕೆಂದೇ ಕೆಡಿಸಿದರೆಂದು ಯಾರಾದರೂ ತಿಳಿಯುತ್ತಾರೆ. ಹೇಳದಿದ್ದರೆ? ಆ ಯೋಚನೆಯನ್ನು ಅವರು ಮುಂದಕ್ಕೆ ಬಿಡಲಿಲ್ಲ. ನಂಜೇಶ ಡಬ್ಬಿಗೆ ಕೈ ಹಾಕುತ್ತಿದ್ದ.

"ಅದನ್ನ ಹಾಕ್ಬೇಡ ಕಣಪ್ಪ."

"ಮತ್ತೆ ಶುರು ಮಾಡ್ಕೊಂಡ್ಯಾ ಅಜ್ಜಿ?" ಎಂದಳು ಶ್ವೇತ.

"ಎಣ್ಣೆ ಹಚ್ಚಿದೀನಿ."

ಶ್ವೇತ ಹತ್ತಿರ ಬಂದಳು. "ನಾನು ಹೋಗ್ಬಾರ್ದು ಅಂತಾನಾ?" ಎಂದು ಮೆಲ್ಲಗೆ ಕೇಳಿದಳು.

ನಂಜೇಶ ಒಂದು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದ. "ಅರಳೆಣ್ಣೆ ಸರಿ. ಇನ್ನೊಂದೇನೋ ವಾಸ್ನೆ ಬತ್ತದಲ್ಲ."

"ಅರ್ಧ ಈರುಳ್ಳಿ. ಕಾವಲಿ ಥರ ಅಂದ್ಳಲ್ಲ."

ಶ್ವೇತ ಅಜ್ಜಿಯನ್ನೇ ನೋಡಿದಳು. ಆಮೇಲೆ ನಗು ಬಂದು, ಟೈರಿನ ಮೇಲೆ ಕುಸಿದು ಕೂತಳು.

"ಕೆಡ್ಸಕ್ಕೆ ಅಂತ ಅಚ್ಚೋರು ಈರುಳ್ಳಿ ಯಾಕವ್ವ ದಂಡ ಮಾಡ್ತಾರೆ," ಎಂದ ನಂಜೇಶ. "ಉಪ್ಪು ಆಕಿಲ್ವಾ ಅಜ್ಜಿ?"

"ಉಪ್ಪು ಹಾಕಿದ್ರೆ ತುಕ್ಕು ಹಿಡಿಯತ್ತೆ. ಅಷ್ಟು ಗೊತ್ತಿಲ್ವೇನೋ ನನಗೆ?"

ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ಒರೆಸಿದರೂ ನಂಬುವಂತಿಲ್ಲ. ನಂಜೇಶ ಅದನ್ನು ಕಸಕ್ಕೆ ಹಾಕಿ, ರಸ್ತೆಗೂ ಟ್ರ್ಯಾಕಿಗೂ ನಡುವಿನ ಗುಣದ ನಾಲ್ಕು ಪ್ಯಾಡುಗಳನ್ನು ಒಳಗಿಂದ ತಂದ. "ಇವು ಅಷ್ಟು ಕಾವು ತಡ್ಯಕಿಲ್ಲ ಕಣವ್ವ. ಮೂರು ಸುತ್ತು ಜೋರಾಗಿ ಓಡ್ಸು, ಒಂದು ಸುತ್ತು ನಿಧಾನಕ್ಕೆ ಬಂದು ಆರ್ಸು. ನಿಲ್ಸಿದ ಮೇಲೆ ಬಿಸೀಲಿ ಹ್ಯಾಂಡ್‌ಬ್ರೇಕ್ ಎಳೀಬೇಡ, ಗೇರಲ್ಲಿ ಬುಡು. ಈಗ ಖಾಲಿ ರಸ್ತೇಲಿ ಎಂಬತ್ತಕ್ಕೆ ಓಗಿ ಮೂವತ್ತಕ್ಕೆ ಇಳ್ಸು, ಹತ್ತು ಸಲ. ಪೂರ್ತಿ ನಿಲ್ಲುಸ್ಬೇಡ. ಅದೇ ಪಳಗ್ಸೋದು."

"ಬೆಂಕಿ ಬೇಡ್ವೇ?" ಎಂದರು ಚನ್ನಾಜಮ್ಮ.

"ತಿಕ್ಕಾಟದಲ್ಲೇ ಕಾಯ್ತದೆ ಅಜ್ಜಿ. ಸಂಸಾರ ಇದ್ದಂಗೆ."

ಚಕ್ರ ಹಾಕಿ ಆದಮೇಲೆ ಶ್ವೇತ ಕಾರಿನ ಬಾಗಿಲು ತೆರೆದು ನಿಂತಳು. ನಗು ಹೋಗಿತ್ತು.

"ನಿಜ ಹೇಳು ಅಜ್ಜಿ. ನೀನು ಬೇಡ ಅಂದ್ರೆ ಹೋಗಲ್ಲ."

ಒಂದು ತಿಂಗಳಿಂದ ಪ್ರತಿ ಸೋಮವಾರವೂ ಚನ್ನಾಜಮ್ಮ ಶಿವನ ಮುಂದೆ ಬೇಡಿಕೊಂಡದ್ದು ಈ ಮಾತನ್ನೇ. ಈಗ ಅದು ಕೈಗೆ ಬಂದಿತ್ತು. ಅವರು ಸೆರಗು ಸರಿಮಾಡಿಕೊಂಡರು.

"ಹೋದ ವರ್ಷ ನಿಮ್ಮ ತಾತನಿಗೋಸ್ಕರ ಬಿಟ್ಟೆ. ಈ ವರ್ಷ ನನಗೋಸ್ಕರ ಬಿಟ್ಟೆ ಅಂದ್ರೆ ನಾಳೆ ಅವರ ಹತ್ತಿರ ಹೋದಾಗ ನನ್ನ ಸುಮ್ನೆ ಬಿಡ್ತಾರಾ? ಹೋಗು. ಆದ್ರೆ ಈ ಬ್ರೇಕು ಹಿಡಿಯುತ್ತೋ ಇಲ್ವೋ ನಾನು ನೋಡ್ಬೇಕು."

ನಂಜನಗೂಡಿನ ರಸ್ತೆಯಲ್ಲಿ ಚನ್ನಾಜಮ್ಮ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತರು. ಮೊದಲ ಸಲ ಬ್ರೇಕು ಹಿಡಿದಾಗ ಕಣ್ಣು ಮುಚ್ಚಿ ಶಿವ ಶಿವ ಎಂದರು. ಮೂರನೆಯ ಸಲಕ್ಕೆ ಕಣ್ಣು ಬಿಟ್ಟರು. ಆರನೆಯ ಸಲ ಶ್ವೇತ ಅಜ್ಜಿಯ ಮುಖ ನೋಡಿ ಕಾಲನ್ನು ಹಗುರ ಮಾಡಿದಳು.

"ಇದೇನೇ ಒತ್ತಿದ್ದು?" ಎಂದರು ಚನ್ನಾಜಮ್ಮ. "ಇದನ್ನ ಲೆಕ್ಕಕ್ಕೆ ಹಿಡಿಯಲ್ಲ. ಜೋರಾಗಿ ಒತ್ತು."