ಬೂಟಿನ ಕಾರ್ಖಾನೆಗೆ ಸಿಗದ ಗೊಬ್ಬರ

ಇದು ನಡೆದದ್ದೇ. ಒಂದಕ್ಷರ ಸುಳ್ಳಾಗಿದ್ದರೂ ನನ್ನ ಹಿತ್ತಲಿನ ಮೂಲಂಗಿಯೆಲ್ಲ ಬೆಂಡಾಗಿ ಹೋಗಲಿ.

ಚೀನಾದ ಡಾಂಗ್‌ಗುವಾನ್ ಪಟ್ಟಣದ ಅಂಚಿನ ನಮ್ಮೂರಲ್ಲಿ ಕುವಾಂಗಣ್ಣನ ಗದ್ದೆಯನ್ನು ಬೂಟಿನ ಕಾರ್ಖಾನೆ ನುಂಗಿತ್ತು. ಉಳಿದದ್ದು ಹಿತ್ತಲಲ್ಲಿ ಚಾಪೆಯಗಲದ ಸಾಸಿವೆ ಸೊಪ್ಪಿನ ಪಾತಿ. ಹೊಟ್ಟೆಪಾಡಿಗೆ ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ. ಆದರೆ ಅಲ್ಲಿನ ಕನ್ನಡಿಯಂಥ ಪಾಯಿಖಾನೆಗೆ ಮಾತ್ರ ಕಾಲಿಡಲಿಲ್ಲ. ಸಂಜೆಯವರೆಗೆ ಬಿಗಿಹಿಡಿದು, ಸೈಕಲ್ ತುಳಿದು ಬಂದು, ಹಿತ್ತಲಿನ ಗಡಿಗೆಗೇ ಹೊಯ್ಯುತ್ತಿದ್ದ. ಅವನಪ್ಪ, ಅಜ್ಜ ಎಲ್ಲರೂ ಹಾಗೇ. ಮನೆಯ ಗೊಬ್ಬರ ಕಂಡವರ ಪಾಲಾಗಬಾರದು.

"ಒಂದಿನ ಪಟ್ ಅಂತ ಒಡ್ದೋಗ್ತೀಯ ನೋಡು!" ಎಂದು ಹೆಂಡತಿ ಯೂಲಾನ್ ಬೈಯುತ್ತಿದ್ದಳು.

"ಗದ್ದೆ ತಗೊಂಡ್ರು, ಬೆವರೂ ತಗೊಂಡ್ರು. ಇದೊಂದು ಹನೀನೂ ಅವ್ರಿಗೆ ಬಿಡಲ್ಲ ಕಣೇ."

ಅವನ ನಡಿಗೆ ಹೇಗಾಗಿತ್ತೆಂದರೆ, ಊರ ಬಾತುಕೋಳಿಗಳು ನಮ್ಮ ನೆಂಟನೇ ಎಂದು ಹಿಂದೆ ಬೀಳುತ್ತಿದ್ದವು. ಸೊಪ್ಪಂತೂ ಎಲೆಯಡಿ ಹಂದಿ ಮರಿ ಹಾಕುವಷ್ಟು ಬೆಳೆದಿತ್ತು.

ಒಂದು ಸಂಜೆ ಲಾರಿಗಳು ಸಾಲುಗಟ್ಟಿ ದಾರಿ ಕಟ್ಟಿದವು. ಕುವಾಂಗಣ್ಣನಿಗೆ ಕಣ್ಣಲ್ಲಿ ನೀರು ಬಂತು, ಇನ್ನೆಲ್ಲಿಂದಲೋ ಬರುವುದರಲ್ಲಿತ್ತು. ಪಕ್ಕದಲ್ಲೇ ನೆರೆಮನೆಯ ಪಾಂಗನ ಗೆಣಸಿನ ಹೊಲ. ಕಾರ್ಖಾನೆಗಿಂತ ಊರವನೇ ವಾಸಿಯೆಂದು ಸೈಕಲ್ ಎಸೆದು ನಿಂತ. ಅಬ್ಬಾ, ಕಾಲುವೆಯೇ ಹರಿಯಿತು! ಮಳೆಗಾಲ ಬಂತೆಂದು ಕಪ್ಪೆಗಳು ವಟಗುಟ್ಟಿದವು.

ಬೆಳಗಾದರೂ ಸಂಕಟ ಆರಲಿಲ್ಲ. ಪಾಂಗನ ಬಾಗಿಲಿಗೇ ಹೋದ.

"ಗೆಣಸಲ್ಲಿ ನಂಗೆ ಪಾಲು ಬೇಕು ಕಣೋ."

"ಯಾವ ಲೆಕ್ಕದಲ್ಲಣ್ಣ?"

ಕುವಾಂಗಣ್ಣ ನಾಚದೆ ಹೇಳಿದ. ಪಾಂಗ ಬಿದ್ದುಬಿದ್ದು ನಕ್ಕ.

"ಆ ಹೊಲ ಹೋದ ತಿಂಗಳೇ ಗುಟ್ಟಾಗಿ ಬೂಟಿನವ್ರಿಗೆ ಕೊಟ್ಬಿಟ್ಟೆ! ಗೆಣಸು ಕಿತ್ಕೊಳ್ಳೋಕೆ ಬಿಟ್ಟಿದ್ದಾರೆ ಅಷ್ಟೆ. ನೀನು ಸೀದಾ ಧಣಿಗೇ ಕಪ್ಪ ಕೊಟ್ಟಿದ್ದೀಯಲ್ಲೋ!"

ಕುವಾಂಗಣ್ಣ ಗುದ್ದಲಿ, ಬುಟ್ಟಿ ಹಿಡಿದು ಓಡಿದ. ನೆನೆದ ಮಣ್ಣನ್ನೆಲ್ಲ ಬಗೆದು ತುಂಬುತ್ತಿರುವಾಗ ಕಾರ್ಖಾನೆಯ ಕಾವಲುಗಾರ ಬಂದ.

"ಏಯ್ ತಾತ, ಕಂಪನಿ ಮಣ್ಣು ಕದೀತೀಯಾ?"

"ಮಣ್ಣು ನಿಮ್ದೇ ಇಟ್ಕೊಳ್ಳಪ್ಪ. ಒಳಗಿರೋದು ನಂದು, ಹಿಂಡಿ ಕೊಡು!"

ಕಾವಲುಗಾರ ಬುಟ್ಟಿಗೆ ಮೂಗಿಟ್ಟವನೇ ಮೂರು ಮಾರು ಹಿಂದೆ ಹಾರಿದ. "ಹೊತ್ಕೊಂಡು ಹೋಗು ಮಾರಾಯ!"

ಆವತ್ತಿನಿಂದ ಕುವಾಂಗಣ್ಣ ತಡೆದುಕೊಳ್ಳುವುದನ್ನೇ ಬಿಟ್ಟ. ದಿನವೂ ಆ ಹೊಲಕ್ಕೆ ಹೊಯ್ಯುತ್ತಾನೆ, ಒದ್ದೆಯಾದಷ್ಟು ಮಣ್ಣು ತನ್ನದೆಂದು ಹೊತ್ತು ತರುತ್ತಾನೆ. ಪಾತಿಯೀಗ ಗುಡ್ಡವಾಗಿದೆ, ಕಾರ್ಖಾನೆಯವರ ಹೊಲ ಕೆರೆಯಾಗಿದೆ. ಇನ್ನೂ ಅರ್ಧ ಹೊಲದ ಮಣ್ಣು ಬರಬೇಕು; ಒಬ್ಬನ ಕೈಲಾಗುವ ಕೆಲಸವೇ ಅದು? ಕೂತಲ್ಲೇ ಎರಡು ಚೊಂಬು ಚಹಾ ಇಳಿಸಿದಿರಲ್ಲ ಸ್ವಾಮಿ, ಏಳಿ, ಹೊಲದ ಕಡೆ ಹೋಗೋಣ. ಬುಟ್ಟಿ ನಾನು ಹಿಡಿಯುತ್ತೇನೆ.